ನೆಗೆಣ್ಣಿ ಕೊಟ್ಟ ಗುಳಿಗೆ

ಭಾಲ್ಕಿಯ ನಮ್ಮ ಮನೆಗೆ ನೆಂಟರು ಬರಿಗೈಲಿ ಬರುವುದಿಲ್ಲ. ಯಾರಿಗಾದರೂ ನೋವಿದೆಯೆಂದು ಗೊತ್ತಾದರೆ ಬಾಳೆಹಣ್ಣಿನ ಜೊತೆ ತಮಗೆ ಗುಣ ಕೊಟ್ಟ ಗುಳಿಗೆಯನ್ನೂ ತರುತ್ತಾರೆ. ಉಪ್ಪಿನಕಾಯಿ ಹಂಚಿದ ಹಾಗೆ ಗುಳಿಗೆ ಹಂಚುವ ಜನ ನಾವು.

ಹೋದ ವರ್ಷ ಹಿತ್ತಲಲ್ಲಿ ಜಾರಿ ಬಿದ್ದು ನನ್ನ ಸೊಂಟ ಹಿಡಿಯಿತು. ನೋಡಲು ಔರಾದಿನಿಂದ ಹಿರಿಯ ನೆಗೆಣ್ಣಿ ಬಂದರು. ಗಂಡನ ಅಣ್ಣನ ಹೆಂಡತಿ, ನನಗೆ ಅಕ್ಕ. ಮೊಣಕಾಲಿನ ಆಪರೇಷನ್ ಆದಾಗ ಅವರಿಗೆ ಕೊಟ್ಟಿದ್ದ ನೋವಿನ ಜೋರು ಗುಳಿಗೆಗಳು ಉಳಿದಿದ್ದವು. "ತಗೋ ತಂಗಿ, ನೋವು ಹೇಳದ ಕೇಳದ ಓಡಿ ಹೋಗ್ತದ," ಎಂದು ನುಂಗಿಸಿದರು.

ನನಗೆ ಆಗಲೇ ಒಂದು ಗುಳಿಗೆ ನಡೆದಿತ್ತು. ಅವ್ವ ಸತ್ತ ಮೇಲೆ ರೊಟ್ಟಿ ಬಡಿಯುವುದನ್ನೇ ಮರೆತು ಗೋಡೆ ನೋಡುತ್ತ ಕೂತವಳು ನಾನು. ಬೀದರದ ಮನಸ್ಸಿನ ಡಾಕ್ಟರು ಕೊಟ್ಟ ಖಿನ್ನತೆಯ ಗುಳಿಗೆ ದಿನಾ ನುಂಗಿ, ಮತ್ತೆ ಗಂಡನ ಜೊತೆ ಜಗಳಾಡುವಷ್ಟು ಸುಧಾರಿಸಿದ್ದೆ. ಅದಕ್ಕೂ ಸೊಂಟದ ಗುಳಿಗೆಗೂ ಏನು ಸಂಬಂಧ? ಒಂದು ತಲೆಗೆ, ಒಂದು ನಡುವಿಗೆ. ಮನೆಯವರೆಲ್ಲ ಹಾಗೇ ಅಂದುಕೊಂಡೆವು.

ಸಂಜೆಯೊಳಗೆ ಮೈಯೆಲ್ಲ ಬೆವರು. ಕಾಲು ತಮ್ಮಷ್ಟಕ್ಕೆ ತಾವೇ ಜಿಗಿಯುತ್ತಿದ್ದವು, ಎದೆ ಡವಡವ, ಮೈ ಕೆಂಡ. ಚಳಿಜ್ವರವೆಂದು ಅಕ್ಕ ಕೌದಿ ಮೇಲೆ ಕೌದಿ ಹೊದಿಸಿದರು. ದೃಷ್ಟಿಯೆಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಇಷ್ಟು ಪ್ರೀತಿಯಲ್ಲಿ ನಾನು ಸಾಯುವುದೊಂದೇ ಬಾಕಿ! ಕಡೆಗೆ ನಮ್ಮವರು ಕಾರು ಬಾಡಿಗೆ ಮಾಡಿ, ಕೌದಿಯ ಸಮೇತ ನನ್ನನ್ನು ಬೀದರದ ದವಾಖಾನೆಗೆ ಒಯ್ದರು. ಅತ್ತೆಯೂ ಅಕ್ಕನೂ ಜೊತೆಗಿದ್ದರು.

"ಏನೇನು ಗುಳಿಗಿ ತಗೊಂಡಾರ?" ಎಂದು ಡಾಕ್ಟರು ಕೇಳಿದರು.

"ಆ ತಲಿ ಗುಳಿಗಿದೇ ಕಾರಭಾರ ಇದು ನೋಡ್ರಿ. ಬ್ಯಾಡ ಅಂತ ಮೊದಲೇ ಬಡಕೊಂಡಿದ್ದೆ," ಎಂದರು ಅತ್ತೆ. ನಮ್ಮವರೂ ತಲೆಯಾಡಿಸಿದರು. ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಸೊಂಟದ ಗುಳಿಗೆ ಅವರಿಬ್ಬರ ನೆನಪಿಗೂ ಬರಲಿಲ್ಲ.

ಆಗ ಅಕ್ಕ ಮುಂದೆ ಬಂದರು. ಅತ್ತೆಯೆದುರು ಎಂದೂ ದನಿ ಎತ್ತದವರು. ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು, "ಸಾಹೇಬ್ರ, ಇವು ನಂದವ್ರಿ. ನಾನೇ ನುಂಗಿಸೀನಿ," ಎಂದರು.

ಡಾಕ್ಟರು ಪಟ್ಟಿ ನೋಡಿದ್ದೇ ದಡಬಡಿಸಿ ಎದ್ದರು. ಎರಡೂ ಕೂಡಿದರೆ ಹೀಗೇ ಆಗುತ್ತದಂತೆ, ತಡವಾದರೆ ಜೀವಕ್ಕೇ ಕುತ್ತಂತೆ. ಕೌದಿ ತೆಗೆಸಿ, ಮೈ ತಣ್ಣಗೆ ಮಾಡಿಸಿ, ಸಲೈನ್ ಹಚ್ಚಿ, ಎರಡೂ ಗುಳಿಗೆ ನಿಲ್ಲಿಸಿದರು. ನನ್ನ ಹಳೆಯ ಗುಳಿಗೆ ಮತ್ತೆ ಶುರುವಾದದ್ದು ಮನಸ್ಸಿನ ಡಾಕ್ಟರನ್ನು ಕೇಳಿದ ಮೇಲೆಯೇ. ಈಗ ಕೆಮ್ಮಿನ ಔಷಧಕ್ಕೂ ಅವರನ್ನು ಕೇಳುತ್ತೇನೆ, ಬೈದುಕೊಳ್ಳಲಿ.

ಎಚ್ಚರಾಗಿ ನೋಡಿದರೆ ಅತ್ತೆ ಮಗ್ಗುಲಲ್ಲಿ, ಅಕ್ಕ ವಾರ್ಡಿನ ಬಾಗಿಲ ಹೊರಗೆ. ಅತ್ತೆ ಅವರ ಜೊತೆ ಮಾತು ಬಿಟ್ಟಿದ್ದರು.

"ಒಳಗ ಬರ್ರಿ ಅಕ್ಕಾ."

"ಯಾವ ಮಾರಿ ಇಟ್ಕೊಂಡು ಬರ್ಲಿ ತಂಗಿ? ನಿನ್ನ ಕೊಲ್ತಿದ್ದೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಪಟ್ಟಿ ಚೀಲದಲ್ಲೇ ಉಳಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಋಣ ದೊಡ್ಡದು. ಅತ್ತೆಗೂ ಕೇಳಲಿ ಎಂದೇ ಜೋರಾಗಿ ಹೇಳಿದೆ:

"ಗುಳಿಗಿ ಯಾರರೆ ಕೊಡ್ತಿದ್ರು ಅಕ್ಕಾ. ನಾನೇ ಕೊಟ್ಟೀನಿ ಅಂತ ಯಾರು ಹೇಳ್ತಿದ್ರು? ನೀವು ಸುಮ್ಮನಿದ್ದಿದ್ರ ನಿಮ್ಮ ಮರ್ಯಾದಿ ಉಳಿತಿತ್ತು. ನಾ ಉಳಿತಿದ್ದಿಲ್ಲ."