ಬಿಸಿಲಿಗೆ ನಿಲ್ಲುತ್ತಿದ್ದ ಗಾಡಿ

ನನ್ನ ಗಾಡಿಗೆ ಬಿಸಿಲು ಆಗಿಬರುವುದಿಲ್ಲ ಎಂದು ಮೊದಲು ಹೇಳಿದವನು ನಾನೇ. ಆಮೇಲೆ ಹೈದರಾಬಾದಿನ ಅರ್ಧ ಊರು ಅದನ್ನು ಒಪ್ಪಿತು. ಒಪ್ಪದೇ ಉಳಿದವರು ನನ್ನ ಮಾವ ಒಬ್ಬರೇ. ಆ ಮೋಟಾರ್‌ಸೈಕಲ್ ಮೊದಲು ಅವರದಾಗಿತ್ತು.

ಮಾವ ಬೀದರ ಕಡೆಯವರು. ಕುಷಾಯಿಗೂಡದ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು, ಅಲ್ಲೇ ಮನೆ ಕಟ್ಟಿಸಿ, ನಿವೃತ್ತರಾದವರು. ಅವರ ಮನೆಯ ಮಹಡಿಯಲ್ಲಿ ನಾನು, ನನ್ನ ಹೆಂಡತಿ ಬಾಡಿಗೆಗೆ ಇದ್ದೆವು. ಬಾಡಿಗೆ ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ನಮ್ಮ ಕಡೆ ಮನೆಅಳಿಯನಿಗೆ ಎಷ್ಟು ಮರ್ಯಾದೆ ಎಂಬುದು ಎಲ್ಲರಿಗೂ ಗೊತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಅಂದಾಗ, ಮಾವ ದಸರೆಯ ದಿನ ಅದಕ್ಕೆ ಪೂಜೆ ಮಾಡಿ, ಚೆಂಡು ಹೂವಿನ ಹಾರ ಹಾಕಿ, ಕೀಲಿಕೈಯನ್ನು ನನ್ನ ಕೈಗಿಟ್ಟರು. ಆಗಿನ ಅವರ ಮುಖ ನೋಡಿ, ಮಗಳನ್ನು ಕೊಡುವಾಗಲೂ ಈ ಮನುಷ್ಯ ಇಷ್ಟು ಸಂಕಟಪಟ್ಟಿರಲಿಲ್ಲ ಅನ್ನಿಸಿತು.

ನನ್ನ ಕೆಲಸ ಬಾಲಾನಗರದ ಒಂದು ಇಂಜಿನಿಯರಿಂಗ್ ವರ್ಕ್‌ಶಾಪಿನಲ್ಲಿ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ ತಪ್ಪು ಹಿಡಿಯುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಮುಲಾಜಿಲ್ಲದೆ ಬದಿಗಿಡುತ್ತೇನೆ. ಹೀಗೆ ಮಂದಿಯ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ತನ್ನ ಗಾಡಿಯ ತಪ್ಪು ಒಂದು ಬೇಸಿಗೆ ಪೂರ್ತಿ ಸಿಗಲಿಲ್ಲ.

ಚಳಿಗಾಲದಲ್ಲಿ ಗಾಡಿ ಸೊಗಸಾಗಿ ಓಡಿತು. ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಮಧ್ಯಾಹ್ನದ ಪಾಳಿಗೆ ಹೊರಡುವ ಹೊತ್ತಿಗೆ ಪೆಟ್ರೋಲ್ ಟ್ಯಾಂಕು ರೊಟ್ಟಿಯ ಹಂಚಿನಂತೆ ಕಾದಿರುತ್ತಿತ್ತು. ತೊಡೆ ಸುಡುತ್ತದೆ ಎಂದು ಹೆಂಡತಿಯ ಮುಂದೆ ಗೊಣಗಿದೆ. ಅದು ಕೆಳಗೆ ಅತ್ತೆಯ ಕಿವಿಗೆ ಬಿತ್ತು.

ನಮ್ಮ ಅತ್ತೆ ಅಳಿಯನ ಜೊತೆ ಮಾತಾಡುವವರಲ್ಲ. ಜಗಳವಿತ್ತೆಂದಲ್ಲ, ಅದು ಅವರ ರೂಢಿ. ನಾನು ಕೈಯಳತೆಯಲ್ಲೇ ಊಟಕ್ಕೆ ಕೂತಿದ್ದರೂ, ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುತ್ತಿದ್ದರು: “ಅವರಿಗೆ ಇನ್ನೊಂದ ರೊಟ್ಟಿ ಹಾಕ್ಲೇನು ಕೇಳವ್ವ.” ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು “ಸಾಕು ಅಂತ ಹೇಳು” ಅನ್ನುತ್ತಿದ್ದೆ. ಅವಳು ಯಾರಿಗೂ ಏನೂ ಹೇಳದೆ ತನ್ನ ಪಾಡಿಗೆ ಉಣ್ಣುತ್ತಿದ್ದಳು. ಅಂಥ ಅತ್ತೆ, ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಕಾವು ಮೇಲೆ ಬರಬಾರದೆಂದು ಅಡಿಗೆ ರೆಕ್ಸಿನ್ ಕೊಟ್ಟು, ಟ್ಯಾಂಕಿಗೊಂದು ಕೌದಿ ಹೊಲಿದರು. ಕೂಸಿಗೆ ಹೊಲಿಯುವ ಕೌದಿಯ ಹಾಗೆಯೇ ಒತ್ತೊತ್ತಾದ ಸಣ್ಣ ಹೊಲಿಗೆ. ಗಾಳಿಗೆ ಹಾರದಂತೆ ಸುತ್ತಲೂ ಇಲಾಸ್ಟಿಕ್. ಅದರ ಜೊತೆ ಹೆಂಡತಿಯ ಮೂಲಕ ಒಂದು ಅಪ್ಪಣೆಯೂ ಬಂತು: ಇದಕ್ಕೆ ಗ್ರೀಸು ಗೀಸು ಹತ್ತಬಾರದು.

ವರ್ಕ್‌ಶಾಪಿನಲ್ಲಿ ಎಲ್ಲರೂ ನಕ್ಕರು. ಗಾಡಿಗೆ ಬಾಣಂತನ ಮಾಡಿಸುತ್ತಿದ್ದೀಯಾ ಎಂದು ಕೇಳಿದರು. ನನಗೆ ತೊಡೆ ತಣ್ಣಗಿದ್ದದ್ದೇ ಸಾಕಾಗಿತ್ತು.

ಬಿಸಿಲು ಇನ್ನಷ್ಟು ಬಲಿಯಿತು, ಗಾಡಿ ನಿಲ್ಲತೊಡಗಿತು. ತಿರುಮಲಗಿರಿ ದಾಟುವ ಹೊತ್ತಿಗೆ ಸರಿಯಾಗಿ ಒಂದೆರಡು ಸಲ ಮುಗ್ಗರಿಸಿ, ಕೆಮ್ಮಿ, ಸುಮ್ಮನಾಗುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೇವಿನ ಮರದ ನೆರಳಿಗೆ ತಳ್ಳಿಕೊಂಡು ಹೋಗಿ, ಕಬ್ಬಿನ ಹಾಲು ಕುಡಿದು, ಬೆವರು ಒರೆಸಿಕೊಂಡು ಮತ್ತೆ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಇಂಜಿನ್ ತಣ್ಣಗಾಯಿತು, ಗಾಡಿ ಎದ್ದಿತು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಮನೆಯ ಹತ್ತಿರದ ಮೆಕ್ಯಾನಿಕ್ಕಿನ ಬಳಿ ಒಯ್ದೆ. ಒಯ್ಯುವ ಮೊದಲು ಅತ್ತೆಯ ಅಪ್ಪಣೆಯಂತೆ ಕೌದಿ ಬಿಚ್ಚಿ, ಮಡಚಿ, ಮನೆಯಲ್ಲೇ ಇಟ್ಟೆ. ಅವನು ಪ್ಲಗ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಸುಡು ಮಧ್ಯಾಹ್ನದಲ್ಲಿ ತಾನೇ ಒಂದು ಸುತ್ತು ಹೊಡೆದು ಬಂದ. ಗಾಡಿ ಅವನ ಮುಂದೆ ಒಮ್ಮೆಯೂ ಕೆಮ್ಮಲಿಲ್ಲ. “ಕುಛ್ ನಹೀ ಸಾಬ್, ಗರ್ಮೀ ಹೈ. ಇಂಜಿನ್ ಭೀ ಥಕ್ ಜಾತಾ” ಅಂದ. ಇಂಜಿನ್ನಿಗೂ ದಣಿವಾಗುತ್ತದೆ ಎಂಬ ಅವನ ಕರುಣೆ ನನಗೆ ಹಿಡಿಸಿತು. ಮರುದಿನ ಕೌದಿ ಹಾಕಿಕೊಂಡು ಕೆಲಸಕ್ಕೆ ಹೊರಟೆ. ಅದೇ ತಿರುಮಲಗಿರಿ, ಅದೇ ಬೇವಿನ ಮರ.

ವರ್ಕ್‌ಶಾಪಿನ ತೆಲುಗು ಗೆಳೆಯನೊಬ್ಬ, ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತಿದೆ, ಒದ್ದೆ ಬಟ್ಟೆ ಸುತ್ತು ಅಂದ. ಸುತ್ತಿದೆ. ಮೇಲೆ ಕೌದಿ, ಕೆಳಗೆ ಒದ್ದೆ ಬಟ್ಟೆ, ಗಾಡಿಗೆ ಜ್ವರ ಬಂದು ಮಲಗಿಸಿದಂತೆ ಕಾಣುತ್ತಿತ್ತು. ನೀರು ಒಣಗುವ ಮೊದಲೇ ಗಾಡಿ ನಿಂತಿತು.

ಬೆಳಗಿನ ಚಹಾಕ್ಕೆ ಕೆಳಗಿಳಿದರೆ ಮಾವ ಕಾಯುತ್ತಿರುತ್ತಿದ್ದರು. “ನಿನ್ನೆ ಎಲ್ಲಿ ನಿಂತಿತ್ರಿ?” ಎಂದು ವಿಚಾರಿಸಿ, ನಾನು ಬಿಸಿಲಿನ ಹೆಸರೆತ್ತಿದ ಕೂಡಲೇ ನಗುತ್ತಿದ್ದರು. “ಅಳಿಯಂದ್ರ, ಇಷ್ಟ ವರ್ಷ ಇದೇ ಬಿಸಲಾಗ ನಾ ಹೊಡದೀನಿ. ಒಂದ ದಿನಾನೂ ನಿಂತಿಲ್ಲ. ಬಿಸಲ ಗಾಡಿಗೆ ಹತ್ತಂಗಿಲ್ರಿ, ಹೊಡಿಯಾವರಿಗೆ ಹತ್ತತೈತಿ.” ಕ್ಲಚ್ ಹಿಡಿಯುವ ರೀತಿ, ಗೇರ್ ಇಳಿಸುವ ಹೊತ್ತು, ಕೂರುವ ಭಂಗಿ, ಎಲ್ಲದರ ಪಾಠವೂ ಆಗುತ್ತಿತ್ತು. ನಾನು ಚಹಾ ಆರಿಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದೆ.

ಒಂದು ದಿನ ಪಾಠ ಬಿಟ್ಟು ತೀರ್ಪನ್ನೇ ಕೊಟ್ಟರು. “ನಮ್ಮ ತಮ್ಮನ ಮಗಗ ಒಂದ ಗಾಡಿ ಬೇಕಾಗೇತಿ. ಮುಂದಿನ ಐತವಾರ ತಮ್ಮ ನೋಡಾಕ ಬರಾಕತ್ತಾನ. ನಿಮಗ ಸುಮ್ನ ಯಾಕ ತ್ರಾಸರಿ? ಬಸ್ಸಿನ್ಯಾಗ ನೆಳ್ಳ ಇರತೈತಿ.”

ನನಗೆ ಮೈಯೆಲ್ಲ ಉರಿಯಿತು. ಅಳಿಯನಿಗೆ ಹಾರ ಹಾಕಿ ಕೊಟ್ಟದ್ದನ್ನು ವಾಪಸು ಕೇಳುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗಾಡಿ ಹೋದರೆ ಹೋಗಲಿ, ಆದರೆ ಅಳಿಯನಿಗೆ ಹೊಡೆಯಲು ಬರುವುದಿಲ್ಲವಂತೆ ಎಂಬ ಸುದ್ದಿ ಅದರ ಹಿಂದಿನ ಸೀಟಿನಲ್ಲಿ ಕೂತು ಬೀದರಿನವರೆಗೂ ಹೋಗುತ್ತದೆ. ಅದನ್ನು ತಡೆಯಬೇಕಾದರೆ ಭಾನುವಾರದೊಳಗೆ ಗಾಡಿಯ ರೋಗ ಸಿಗಬೇಕಿತ್ತು.

ಅಂದು ಮಧ್ಯಾಹ್ನವೂ ಗಾಡಿ ನಿಂತಿತು. ಸಿಟ್ಟಿನಲ್ಲಿ ನೆರಳಿಗೂ ಹೋಗಲಿಲ್ಲ. ಪೆಟ್ರೋಲಾದರೂ ಇದೆಯೋ ಇಲ್ಲವೋ ನೋಡೋಣವೆಂದು ರಸ್ತೆಯ ಬದಿಯಲ್ಲೇ ಕೌದಿ ಸರಿಸಿ ಮುಚ್ಚಳ ತಿರುಗಿಸಿದೆ. ಸುಸ್ ಎಂದು ಸದ್ದಾಯಿತು. ಒಳಗಿಂದ ಏನೋ ಹೊರಬಂದ ಸದ್ದಲ್ಲ, ಹೊರಗಿನ ಗಾಳಿಯನ್ನು ಟ್ಯಾಂಕು ಜಗ್ಗಿಕೊಂಡ ಸದ್ದು. ಮುಚ್ಚಳ ಹಾಕಿ ಕಿಕ್ ಹೊಡೆದರೆ ಒಂದೇ ಸಲಕ್ಕೆ ಗಾಡಿ ಎದ್ದಿತು. ಇಂಜಿನ್ ಇನ್ನೂ ಮುಟ್ಟಲಾಗದಷ್ಟು ಕಾದಿತ್ತು.

ಮುಚ್ಚಳವನ್ನು ಆಗ ಮೊದಲ ಸಲ ಕಣ್ಣಿಟ್ಟು ನೋಡಿದೆ. ಅದರಲ್ಲಿ ಸೂಜಿ ಹೋಗುವಷ್ಟು ಒಂದು ತೂತು. ಟ್ಯಾಂಕಿನಿಂದ ಪೆಟ್ರೋಲು ಕೆಳಗಿಳಿಯಬೇಕಾದರೆ ಅಷ್ಟು ಗಾಳಿ ಮೇಲಿಂದ ಒಳಗೆ ಹೋಗಬೇಕು. ಆ ತೂತು ಇರುವುದೇ ಅದಕ್ಕೆ. ಅದರ ಮೇಲೆ ಅತ್ತೆಯ ರೆಕ್ಸಿನ್ ಬಿಗಿಯಾಗಿ ಅಂಟಿ ಕೂರುತ್ತಿತ್ತು. ಬೇವಿನ ಮರದ ಕೆಳಗೆ ನಾನು ಕಬ್ಬಿನ ಹಾಲು ಕುಡಿಯುವಾಗ ಇಂಜಿನ್ ತಣಿದದ್ದರಿಂದ ಗಾಡಿ ಏಳುತ್ತಿರಲಿಲ್ಲ, ಅಷ್ಟು ಹೊತ್ತಿಗೆ ಗಾಳಿ ಹೇಗೋ ನುಸುಳಿ ಒಳಗೆ ಸೇರಿರುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ನಿಲ್ಲುತ್ತಿದ್ದದ್ದು ನಿಜ. ಕೌದಿ ಹಾಕುತ್ತಿದ್ದದ್ದೂ ಬೇಸಿಗೆಗೇ.

ಮಾವನ ಮುಂದೆ ನಿಂತು “ತಪ್ಪು ನನ್ನದಲ್ಲ” ಎನ್ನಲು ನಾಲಿಗೆ ತುರಿಸುತ್ತಿತ್ತು. ಆದರೆ ನನ್ನದಲ್ಲ ಅಂದರೆ ಯಾರದು ಎಂದು ಕೇಳದೆ ಬಿಡುವ ಮನುಷ್ಯನಲ್ಲ ಅವರು. ನನ್ನ ತೊಡೆ ಸುಡಬಾರದೆಂದು ಕಣ್ಣು ನೋಯಿಸಿಕೊಂಡು ಹೊಲಿದ ಹೆಂಗಸಿನ ಮೇಲೆ ಅದನ್ನು ಹೊರಿಸಲು ಮನಸ್ಸು ಬರಲಿಲ್ಲ. ಹಾಗಾಗಿ ಮರುದಿನದಿಂದ ಅತ್ತೆಯ ಎದುರಿಗೆ ಕೌದಿ ಹಾಕಿಕೊಂಡು ಹೊರಟು, ಓಣಿಯ ತಿರುವಿನಲ್ಲಿ ಬಿಚ್ಚಿ ಚೀಲಕ್ಕೆ ತುರುಕಿ, ಬರುವಾಗ ಅಲ್ಲೇ ಮತ್ತೆ ಹಾಕಿಕೊಳ್ಳತೊಡಗಿದೆ. ತಿರುಮಲಗಿರಿಯ ಕಬ್ಬಿನ ಹಾಲಿನವನಿಗೆ ಒಬ್ಬ ಗಿರಾಕಿ ಕಡಿಮೆಯಾದ. ಗಾಡಿ ನಿಲ್ಲಲಿಲ್ಲ.

ಮಾವನಿಗೆ ಕಾರಣ ತಕ್ಷಣ ಹೊಳೆಯಿತು. “ಈಗ ನೋಡ್ರಿ, ನಾ ಹೇಳಿದಂಗ ಹೊಡಿಯಾಕತ್ತೀರಿ” ಅಂದರು. ನಾನು ಹಲ್ಲು ಕಚ್ಚಿಕೊಂಡು ಚಹಾ ಕುಡಿದೆ.

ಭಾನುವಾರ ಅವರ ತಮ್ಮ ಬೀದರಿನಿಂದ ಬಂದರು. ಪಡಸಾಲೆಯಲ್ಲಿ ಎಲ್ಲರಿಗೂ ಮಂಡಕ್ಕಿಯ ಸುಸಲಾ, ಮಿರ್ಚಿ, ಚಹಾ ಬಂತು. ಅತ್ತೆ ಎಂದಿನಂತೆ ಬಾಗಿಲ ಹಿಂದೆ. ಮಾವ ತಮ್ಮನಿಗೆ ಗಾಡಿಯ ಚರಿತ್ರೆಯನ್ನು ಮೊದಲಿನಿಂದ ಹೇಳಿದರು. ಅಳಿಯಂದಿರು ಹೊಡೆಯಲು ಬಾರದೆ ದಾರಿಯಲ್ಲಿ ನಿಲ್ಲಿಸಿಕೊಳ್ಳುತ್ತಿದ್ದದ್ದು, ತಾವು ಕೂರಿಸಿಕೊಂಡು ಕಲಿಸಿದ್ದು, ಈಗ ಗಾಡಿ ಹಳಿ ಹತ್ತಿದ್ದು. “ಆದ್ರೂ ಒಯ್ಯಿ. ಇವರಿಗೆ ಕಲಿಸೋದ ಎಲ್ಲೀತನಾ?” ಎಂದು ಮುಗಿಸಿದರು. ಬೀದರಿನ ತಮ್ಮ ಮಿರ್ಚಿ ಬಾಯಲ್ಲಿಟ್ಟುಕೊಂಡೇ ನಕ್ಕರು.

ಅಲ್ಲಿಗೆ ನನ್ನ ಒಳ್ಳೆಯತನ ಮುಗಿಯಿತು. ಎದ್ದು ಹೋಗಿ ಕೌದಿಯನ್ನು ಕಿತ್ತು ತಂದು ಅವರ ಮುಂದೆ ಹಾಕಿದೆ. ಮುಚ್ಚಳದ ತೂತು, ರೆಕ್ಸಿನ್, ಗಾಳಿ, ಓಣಿಯ ತಿರುವಿನಲ್ಲಿ ನಾನು ಬಿಚ್ಚುತ್ತಿದ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ವರ್ಕ್‌ಶಾಪಿನಲ್ಲಿ ಕೆಟ್ಟ ಮಾಲನ್ನು ತೋರಿಸಿ ಹೇಳುವ ದನಿಯಲ್ಲೇ ಹೇಳಿದೆ. ಹೇಳಿ ಮುಗಿಸಿದ ಮೇಲೆ ಬಾಗಿಲ ಹಿಂದೆ ಬಳೆಯ ಸದ್ದು ಕೇಳಿಸಿತು. ಹೆಂಡತಿ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ಅತ್ತೆ ಪಡಸಾಲೆಗೆ ಬಂದರು. ಕೌದಿಯನ್ನು ಎತ್ತಿಕೊಂಡು ಅಡಿಯ ರೆಕ್ಸಿನನ್ನು ತಿರುವಿ ನೋಡಿದರು. ಆಮೇಲೆ ಮೈದುನ, ಅಳಿಯ ಯಾರಿದ್ದಾರೆಂದೂ ನೋಡದೆ ಮಾವನನ್ನು ಕೇಳಿದರು:

“ನಿಮಗೂ ಹೊಲದ ಕೊಟ್ಟಿದ್ನಲ್ಲರಿ, ಹಿಂಥಾದ್ದ. ರೆಕ್ಸಿನ್ ಹಚ್ಚೇ ಹೊಲದಿದ್ದೆ. ದಿನಾ ಹಾಕ್ಕೊಂಡ ಹೋಗ್ತಿದ್ರಿ. ಮತ್ತ ನಿಮ್ಮ ಗಾಡಿ ಯಾಕ ನಿಲ್ಲಲಿಲ್ಲ?”

ಮಾವ ಚಹಾದ ಲೋಟ ಎತ್ತಿದರು. ಅದರಲ್ಲಿ ಚಹಾ ಇರಲಿಲ್ಲ. ಅವರೂ ಅದೇ ಓಣಿಯ ತಿರುವಿನಲ್ಲಿ, ಕಾರ್ಖಾನೆಯವರು ನಗುತ್ತಾರೆಂದು ನಾಚಿ, ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಾಯಿತು. ಅತ್ತೆಗೂ ಅಷ್ಟು ಹೊತ್ತಿಗೆ ಕಂಡಿತ್ತು. ಅವರು ಎರಡನೆಯ ಸಲ ಕೇಳಲಿಲ್ಲ. ನನ್ನ ಕಡೆ ತಿರುಗಿ, ನೇರ ನನಗೇ ಹೇಳಿದರು:

“ನೀವಾದ್ರೂ, ಗಾಡಿ ನಿಂತ್ರೂ ಅಷ್ಟ ದಿನ ಹಾಕ್ಕೊಂಡ ಅಡ್ಡಾಡಿದ್ರಿ.”

ಮದುವೆಯಾದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕೌದಿ ತೆಗೆದುಕೊಂಡು ಒಳಗೆ ಹೋದರು. ಮಾವನ ತಮ್ಮ ಗಾಡಿಯನ್ನು ನೋಡದೆಯೇ ಮಧ್ಯಾಹ್ನದ ಬಸ್ಸು ಹಿಡಿದರು.

ಗಾಡಿ ಈಗಲೂ ನನ್ನ ಹತ್ತಿರವೇ ಇದೆ. ಅದನ್ನು ವಾಪಸು ಕೇಳುವ ಮಾತನ್ನು ಮಾವ ಮತ್ತೆ ಎತ್ತಲಿಲ್ಲ. ಎತ್ತಬೇಕೆಂದರೆ ಅವರು ಅತ್ತೆಯ ಮುಖ ನೋಡಿ ಎತ್ತಬೇಕಿತ್ತು.