ಅಮ್ಮನ ಹಾಡಿನ ಹನ್ನೆರಡು ಸೆಕೆಂಡು

ಮ್ಯೂಸಿಕ್ ವಿಡಿಯೋ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಅದೇ ಕೆಲಸದಲ್ಲಿ ಅನ್ನ ತಿಂದವಳು ನಾನು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈಯ ಕೋಡಂಬಾಕ್ಕಂನ ಒಂದು ಎಡಿಟಿಂಗ್ ರೂಮಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿದೆ. ಅಪ್ಪ ಉಡುಪಿ ಕಡೆಯಿಂದ ಬಂದು ಮೈಲಾಪುರದ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಮಗಳು ಎಸಿ ರೂಮಿನಲ್ಲಿ ಕೂತು ಕೆಲಸ ಮಾಡುತ್ತಾಳೆ ಅಂತ ಅವರಿಗೆ ಬಹಳ ಹೆಮ್ಮೆ. ಆ ಎಸಿ ನಮಗಲ್ಲ, ಮೆಷಿನ್ನಿಗೆ ಅಂತ ನಾನು ಹೇಳಲಿಲ್ಲ.

ಅದಕ್ಕೆ ಮೊದಲು ಟೀವಿಯಲ್ಲಿ ಹಾಡು ಅಂದರೆ ಸಿನಿಮಾ ಹಾಡು, ವಾರಕ್ಕೊಮ್ಮೆ, ಅರ್ಧ ಗಂಟೆ. ಅಕ್ಕಪಕ್ಕದವರೆಲ್ಲ ಒಂದೇ ಮನೆಯಲ್ಲಿ ಕೂತು ನೋಡುವುದು. ಆಮೇಲೆ ಕೇಬಲ್ ಬಂತು, ದಿನವಿಡೀ ಹಾಡು ಹಾಕುವ ಚಾನೆಲ್ಲುಗಳು ಬಂದವು. ಅವುಗಳ ಹೊಟ್ಟೆ ತುಂಬಿಸಲು ಸಿನಿಮಾ ಸಾಲಲಿಲ್ಲ. ಹಾಗೆ ಶುರುವಾದದ್ದು ಆಲ್ಬಂ ವಿಡಿಯೋ. ಕಥೆ ಇಲ್ಲ, ಹೀರೋ ಇಲ್ಲ, ಮೂರೂವರೆ ನಿಮಿಷ ಕುಣಿತ. ನಾನು ಸೇರಿದಾಗ ಒಂದು ಶಾಟ್ ಏಳೆಂಟು ಸೆಕೆಂಡಾದರೂ ನಿಲ್ಲುತ್ತಿತ್ತು, ಒಬ್ಬರ ಮುಖ ನೋಡುವಷ್ಟು ಪುರುಸೊತ್ತು ಇತ್ತು. ಟೇಪ್ ಮೆಷಿನ್ ಹೋಗಿ ಕಂಪ್ಯೂಟರ್ ಬಂದದ್ದೇ ತಡ, ಒಂದು ಸೆಕೆಂಡೂ ಹೆಚ್ಚಾಯಿತು. "ಕಟ್ ಪಣ್ಣು ಮಾ, ಕಟ್ ಪಣ್ಣು" ಅಂತ ಡೈರೆಕ್ಟರ್ ನನ್ನ ಬೆನ್ನ ಹಿಂದೆ ನಿಂತು ಚಿಟಿಕೆ ಹೊಡೆಯುತ್ತಿದ್ದ. ಜನಕ್ಕೆ ಬೋರ್ ಆಗುತ್ತದಂತೆ. ಯಾವ ಜನ? ಇವನನ್ನು ಬಿಟ್ಟು ಯಾರಾದರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಅದೇ ಮಹಾಶಯನಿಗೆ ಒಂದು ದಿನ ಹಳ್ಳಿಯ ಹೆಂಗಸಿನ ಸ್ವರ ಬೇಕಾಯಿತು. ಡ್ರಮ್ ಬರುವ ಮೊದಲು ಒಂದು ನಿಜವಾದ ಗಂಟಲು, ಭಾಷೆ ಯಾವುದಾದರೂ ಆಗಬಹುದು. ನಾನು ಬಾಯಿ ಮುಚ್ಚಿ ಕೂರಬೇಕಿತ್ತು. "ನಮ್ಮಮ್ಮ ಹಾಡುತ್ತಾರೆ ಸಾರ್" ಅಂದೆ. ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ!

ಅಮ್ಮ ಹಾಡುತ್ತಿದ್ದದ್ದು ಹೆಣ್ಣು ಒಪ್ಪಿಸುವ ಹಾಡು. ಮದುವೆಯ ಕೊನೆಯಲ್ಲಿ ಹುಡುಗಿಯ ಕೈಯನ್ನು ಅತ್ತೆಯ ಕೈಯಲ್ಲಿ ಇಡುತ್ತಾರಲ್ಲ, ಆಗ ನಿಂತುಕೊಂಡು ಹೇಳುವ ಹಾಡು. ಹತ್ತು ನುಡಿ ಎಲ್ಲರಿಗೂ ಒಂದೇ. ಹನ್ನೊಂದನೆಯದು ಆ ಹುಡುಗಿಗೆ ಮಾತ್ರ. ಮದುವೆಗೆ ಎಂಟು ದಿನ ಮೊದಲು ಅಮ್ಮ ಆ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು, "ನಿನ್ನ ಮಗಳು ಎಂತಕ್ಕೆ ಅಳ್ತಾಳೆ, ಎಂತಕ್ಕೆ ಸಿಟ್ಟು ಮಾಡ್ತಾಳೆ?" ಅಂತೆಲ್ಲ ವಿಚಾರಿಸಿ ಎರಡು ಸಾಲು ಕಟ್ಟಿಕೊಂಡು ಬರುವರು. ಚೆನ್ನೈಯ ಹೋಟೆಲಿನವರ ಮನೆಗಳಲ್ಲಿ ಅಮ್ಮನ ಹನ್ನೊಂದನೆಯ ನುಡಿ ಆಗದೆ ಹುಡುಗಿ ಹೊಸ್ತಿಲು ದಾಟಿದ್ದಿಲ್ಲ.

"ಮದುಮಗಳಿಲ್ಲದೆ ಅದನ್ನು ಹಾಡ್ಲಿಕ್ಕಿಲ್ಲ ಮಾರಾಯ್ತಿ" ಅಂದರು ಅಮ್ಮ.

"ನಾನೇ ಮದುಮಗಳು ಅಂತ ತಿಳ್ಕೊಂಡು ಹಾಡಿ. ಶಾಸ್ತ್ರ ಗೀಸ್ತ್ರ ಎಲ್ಲ ಈಗ ಯಾರು ನೋಡ್ತಾರೆ?"

ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಸ್ಟುಡಿಯೋಗೆ ಬಂದರು. ಟೀವಿಯಲ್ಲಿ ತಮ್ಮ ಮುಖ ಬರುತ್ತದೆ ಅಂದುಕೊಂಡಿದ್ದರು, ಪಾಪ. ಮೈಕಿನ ಮುಂದೆ ಕುರ್ಚಿ ಇಟ್ಟರೆ ಕೂರಲಿಲ್ಲ. "ಪೂರ್ತಿ ಹಾಡು ಬರ್ತದಾ?" ಅಂತ ಕೇಳಿದರು. "ಫುಲ್ ಸಾಂಗ್ ಮಾ" ಅಂದ ಡೈರೆಕ್ಟರ್. ಗಾಜಿನ ಆಚೆ ನಿಂತ ನನ್ನನ್ನೇ ನೋಡುತ್ತ ಹನ್ನೊಂದೂ ನುಡಿ ಹಾಡಿದರು. ಕೊನೆಯದನ್ನು ಅಲ್ಲೇ ನನಗೋಸ್ಕರ ಕಟ್ಟಿದರು:

ಹಸಿವಾದರೆ ಹೇಳುವವಳಲ್ಲ,
ಕೇಳಿ ಕೇಳಿ ಬಡಿಸಿ ಬೀಗರೇ.

ಡೈರೆಕ್ಟರಿಗೆ ಅಷ್ಟೇ ಬೇಕಾದದ್ದು. ಹನ್ನೆರಡು ಸೆಕೆಂಡು. ರಾಯಪುರಂ ಕಡಲತಡಿಯಲ್ಲಿ ದೋಣಿಗಳ ಮೇಲೆ ಎಂಟು ಹುಡುಗಿಯರನ್ನು ನಿಲ್ಲಿಸಿದ. ಬಲೆ ಒಣಹಾಕಿದ್ದವರನ್ನು ಫ್ರೇಮಿನಿಂದ ಆಚೆ ಓಡಿಸಿ, ಬಲೆಯನ್ನು ಮಾತ್ರ ಉಳಿಸಿಕೊಂಡು ಅದನ್ನೇ ಆ ಹುಡುಗಿಯರಿಗೆ ಸುತ್ತಿದ. ಬಿಸಿಲಿಗೆ ಕಾದ ಹಲಗೆಯ ಮೇಲೆ ಬರಿಗಾಲಲ್ಲಿ ಕುಣಿದ ಆ ಬಡಪಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. "ಕೇಳಿ ಕೇಳಿ" ಅನ್ನುವಲ್ಲಿ ಒಬ್ಬಳ ಸೊಂಟ, "ಬಡಿಸಿ" ಅನ್ನುವಲ್ಲಿ ಇನ್ನೊಬ್ಬಳ ಸೊಂಟ. ಕತ್ತರಿಸಿ ಜೋಡಿಸಿದವಳು ನಾನು. ಸುಳ್ಳು ಯಾಕೆ ಹೇಳಲಿ, ತಾಳಕ್ಕೆ ಸರಿಯಾಗಿ ಕೂತಿತು ಅಂತ ಖುಷಿಪಟ್ಟೆ. ಉಳಿದ ಹತ್ತು ನುಡಿಗಳ ಟೇಪು ಕಪಾಟಿನಲ್ಲಿತ್ತು. ಟೇಪು ಸಾಲದೆ ಬಂದಾಗ ಅದರ ಮೇಲೆ ಸೋಪಿನ ಜಾಹೀರಾತಿನ ಸ್ವರ ತುಂಬಿದೆವು. ತುಂಬಿದವಳೂ ನಾನೇ.

ಅಪ್ಪ ಹೋಟೆಲಿನವರನ್ನೆಲ್ಲ ಮನೆಗೆ ಕರೆದು ಟೀವಿ ಹಾಕಿದರು. ವಿಡಿಯೋ ಮುಗಿದ ಮೇಲೆ ಅಮ್ಮ ಎದ್ದು ಎಲ್ಲರಿಗೂ ಕಾಫಿ ತಂದುಕೊಟ್ಟರು. ನನಗೂ ಕೊಟ್ಟರು, ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ದರಿದ್ರ ವಿಡಿಯೋ ಓಡಿದ್ದೇ ಓಡಿದ್ದು. ಆಮೇಲೆ ಅದರ ರೀಮಿಕ್ಸು, ಆಮೇಲೆ ಸಿಡಿ, ಆಮೇಲೆ ಫೋನಿನ ರಿಂಗ್‌ಟೋನು. ಬಸ್ಸಿನಲ್ಲಿ ಪಕ್ಕದವನ ಜೇಬಿನಿಂದ ಅಮ್ಮ "ಬಡಿಸಿ ಬೀಗರೇ" ಅಂದರೆ ಹೇಗಾಗುತ್ತದೆ ಹೇಳಿ! ಮುಂದಿನ ಒಂದು ಮದುವೆಯಲ್ಲಿ ಅಮ್ಮ ಎದ್ದುನಿಂತು ಮೊದಲ ನುಡಿ ಎತ್ತಿದ್ದೇ ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಒಬ್ಬ ಬಾಯಲ್ಲೇ ಡ್ರಮ್ ಬಾರಿಸಿದ. ಅಮ್ಮ ಅಲ್ಲಿಗೇ ನಿಲ್ಲಿಸಿ ಕೂತರು. ಅದಾದ ಮೇಲೆ ಯಾರು ಕರೆದರೂ "ಸ್ವರ ಹೋಗಿದೆ" ಅನ್ನುತ್ತಿದ್ದರು. ಸ್ವರ ಎಲ್ಲಿಗೂ ಹೋಗಿರಲಿಲ್ಲ. ನಾನು ಡೈರೆಕ್ಟರ್ ಹತ್ತಿರ ಜಗಳಕ್ಕೆ ಹೋದೆ. "ಉಂಗಮ್ಮ ಹಿಟ್ ಮಾ" ಅಂತ ಹಲ್ಲುಬಿಟ್ಟ, ನಿಮ್ಮಮ್ಮ ಹಿಟ್ ಅಂತ. ಕೆಲಸ ಬಿಟ್ಟು ಬಂದೆ. ಮುಂದೆ ನನ್ನ ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಯಿತು, ಹಾಡಿನ ಪ್ರಶ್ನೆಯೇ ಬರಲಿಲ್ಲ.

ಕೆಲವು ವರ್ಷ ಕಳೆದು ತಂಗಿಯ ಮದುವೆ ಬಂತು. ಅವಳು ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಹುಡುಗ ಶೋಳಿಂಗನಲ್ಲೂರಿನಲ್ಲಿ ಇಂಜಿನಿಯರ್, ಅವನ ಮನೆಯವರು ಮೈಸೂರಿನವರು. ತಂಗಿಗಾದರೂ ಅಮ್ಮ ಹಾಡಬೇಕು ಅಂತ ನನಗೆ ಒಂದೇ ಹಟ. ಹೇಳಿದರೆ ಅಮ್ಮ ಮಾತು ತಿರುಗಿಸುವರು. "ವಿಡು ಕ್ಕಾ, ವೆರುಂ ಪಾಟ್ಟು ದಾನೆ" ಅಂದಳು ತಂಗಿ, ಬರೀ ಹಾಡು ತಾನೇ ಅಂತ. ನನಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಮದುವೆಗೆ ನಾಲ್ಕು ದಿನ ಇರುವಾಗ, ಅಮ್ಮ ಹುರುಳಿಕಾಯಿ ಮುರಿಯುತ್ತ ಏನೋ ಗುನುಗುವುದು ಕೇಳಿಸಿತು. ನಾನು ಒಳಗೆ ಕಾಲಿಟ್ಟದ್ದೇ ನಿಲ್ಲಿಸಿದರು. ನುಡಿ ಕಟ್ಟುತ್ತಿದ್ದಾರೆ ಅಂತ ಗೊತ್ತಾಗಿ ಬಚ್ಚಲಿಗೆ ಹೋಗಿ ಅತ್ತೆ.

ಮದುವೆಯ ದಿನ ಅಪ್ಪ ಬೆಳಿಗ್ಗೆಯೇ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ತಾವೇ ಬಾಳೆಎಲೆ ಆರಿಸಿ ತಂದಿದ್ದರು. ಊಟ ಮುಗಿಯಿತು. ತಂಗಿಯ ಕೈಯನ್ನು ಅತ್ತೆಯ ಕೈಯಲ್ಲಿ ಇಟ್ಟರು. ಅಮ್ಮ ಸೆರಗು ಸರಿಮಾಡಿಕೊಂಡು ನಿಂತರು, ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಸ್ಪೀಕರಿನಿಂದ ಧಡ್ ಧಡ್ ಅಂತ ಡ್ರಮ್ಮು. ಅದರ ಮೇಲೆ ಅಮ್ಮನದೇ ಸ್ವರ: ಹಸಿವಾದರೆ, ಹಸಿವಾದರೆ, ಹಸಿವಾದರೆ. ಹುಡುಗನ ಚಿಕ್ಕಪ್ಪ ಸಿಡಿ ಹಿಡಿದುಕೊಂಡೇ ಮೈಸೂರಿನಿಂದ ಬಂದಿದ್ದರಂತೆ. "ನಿಮ್ಮ ತಾಯಿಯವರದೇ ಹಾಡಂತಲ್ಲ! ಸರ್‌ಪ್ರೈಸ್ ಮಾಡೋಣ ಅಂತ" ಅಂದರು, ಮುಖದ ತುಂಬ ನಗು. ಅವರ ಮನಸ್ಸಿನಲ್ಲಿ ಕೆಟ್ಟದ್ದು ಏನೇನೂ ಇರಲಿಲ್ಲ, ಅದೇ ನನಗೆ ಸಹಿಸಲಾಗದ್ದು. ಬಾಯಿ ಮುಚ್ಚಿ ನಿಂತ ಅಮ್ಮ, ಮೇಲಿನಿಂದ ಕಿರುಚುವ ಅಮ್ಮ. ಹುಡುಗರು ಕುಣಿಯಲು ಶುರುಮಾಡಿದರು. ನಾನು ಓಡಿಹೋಗಿ ವಯರನ್ನು ಕಿತ್ತು ಬಿಸಾಡಿದೆ. "ನಾಚಿಕೆ ಆಗಲ್ವಾ ನಿಮಗೆಲ್ಲ?" ಅಂತ ಬೀಗರು ಅನ್ನದೆ, ನೆಂಟರು ಅನ್ನದೆ ಕೂಗಿದೆ.

ಅಮ್ಮ ನನ್ನ ಕಡೆ ತಿರುಗಿದರು. "ನೀನೇ ಹೇಳು. ನಿನ್ನ ಹತ್ರ ಉಂಟಲ್ಲ."

ಬಾಯಿ ತೆರೆದೆ. ಮೊದಲ ನುಡಿ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಹಾಡು, ನನ್ನ ತಲೆಯಲ್ಲಿ ಉಳಿದದ್ದು ನಾನು ಕತ್ತರಿಸಿ ಇಟ್ಟುಕೊಂಡ ಆ ಎರಡೇ ಸಾಲು. ಅಲ್ಲಿಗೇ ಬಾಯಿ ಮುಚ್ಚಿದೆ.

ಆಗ ತಂಗಿ, ಅತ್ತೆಯ ಕೈಯಿಂದ ಕೈ ಬಿಡಿಸಿಕೊಂಡು, ಮಗುವಿನ ಹಾಗೆ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಂದು?"

ಅಮ್ಮ ಹತ್ತಿರ ಹೋಗಿ ಅವಳ ತಲೆ ಬಗ್ಗಿಸಿ, ಕಿವಿಗೆ ಬಾಯಿಟ್ಟು ಹೇಳಿದರು. ಹಾಡಲಿಲ್ಲ. ತಂಗಿ ಬಿಕ್ಕಿಬಿಕ್ಕಿ ಅತ್ತಳು. ಎರಡು ಹೆಜ್ಜೆ ದೂರದಲ್ಲಿದ್ದ ನನಗೆ ಒಂದಕ್ಷರ ಕೇಳಿಸಲಿಲ್ಲ.

ಎಷ್ಟೋ ಸಲ ತಂಗಿಯನ್ನು ಕೇಳಿದ್ದೇನೆ, ಹೇಳುವುದಿಲ್ಲ. ಒಮ್ಮೆ ಅಮ್ಮನನ್ನೇ ಕೇಳಿದೆ. ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತ ಅಂದರು:

"ಅದು ಅವಳದ್ದು. ನಿಂಗೆ ಕೊಟ್ರೆ ಟೀವಿಗೆ ಹೋಗ್ತದೆ."