ಸಿಪ್ಪೆಯ ಸಕ್ಕರೆ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೂ ಊಟಕ್ಕೆ ಯಾರೇ ಬರಲಿ, ಒಂದು ಕತೆ ಹೇಳದೆ ಬಿಡುವುದಿಲ್ಲ: ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಗೋವಿನಜೋಳದ ಸಿಪ್ಪೆಯಿಂದ ಸಕ್ಕರೆ ತೆಗೆದಿದ್ದೆ. ಹೆಂಡತಿ ಸುಮಿತ್ರಾ ಬಡಿಸುತ್ತಲೇ ತಿದ್ದುತ್ತಾಳೆ: “ಹೋದ ವರ್ಷ ಅದು ಶೇಂಗಾ ಸಿಪ್ಪಿ ಆಗಿತ್ತಲ್ರಿ?”

ಮೇಲಿನ ಮನೆಯ ಮೈಸೂರಿನ ಹುಡುಗಿ ಕಾವ್ಯಾಳ ಕೆಲಸವೇ ಅದು. ನಾವಿರುವ ಪುಣೆಯ ಅಡುಗೆಮನೆಗಳ ಕಸವನ್ನೂ ಹತ್ತಿರದ ಶಿರೂರಿನ ಹೊಲಗಳ ಕೂಳೆಯನ್ನೂ ಸಕ್ಕರೆಯಾಗಿ ಒಡೆಯುತ್ತಾಳೆ. ಆ ಸಕ್ಕರೆ ಹುಳಿಸಿದರೆ ಗಾಡಿ ಓಡಿಸುವ ಇಂಧನ. “ನೀವೂ ಟ್ರೈ ಮಾಡಿ ಅಂಕಲ್, ಟೇಸ್ಟ್ ಮಾತ್ರ ಮಾಡ್ಬೇಡಿ” ಎಂದು ಚಿಟಿಕೆ ಎಂಜೈಮ್ ಪುಡಿ ಕೊಟ್ಟಳು.

“ಈ ಸರ್ತಿ ಆಗಲಿಲ್ಲಂದ್ರ ಆ ಕತಿ ಬಂದ್ ಮಾಡಬೇಕ್ ನೋಡ್ರಿ” ಎಂದಳು ಸುಮಿತ್ರಾ. ಒಪ್ಪಿದೆ. ಕತೆಯಿಲ್ಲದ ಊಟ ನೆನೆದು ಅಂಜಿಕೆಯೂ ಆಯಿತು.

ನೋಡಿ, ಹುಲ್ಲೂ ಸಕ್ಕರೆಯೇ. ಕೈಕೈ ಹಿಡಿದು ಬಿಗಿಯಾಗಿ ನಿಂತ ಸಕ್ಕರೆ. ಎಂಜೈಮ್ ಆ ಕೈ ಬಿಡಿಸುತ್ತದೆ. ಎಮ್ಮೆಯ ಹೊಟ್ಟೆಯಲ್ಲಿ ಈ ಕೆಲಸ ಯಾವ ಡಿಗ್ರಿಯೂ ಇಲ್ಲದೆ ನಡೆಯುತ್ತದೆ. ಡಿಗ್ರಿಯಿರುವ ನಾನು ತೆನೆಯ ಸಿಪ್ಪೆ ಕತ್ತರಿಸಿ, ವಾಷಿಂಗ್ ಸೋಡಾದ ನೀರಿನಲ್ಲಿ ಕುದಿಸಿ, ಇದ್ದಬದ್ದ ಸಿಹಿಯೂ ಹೋಗುವಂತೆ ತೊಳೆದು, ಒಂದೇ ಥರದ ಎರಡು ಬಟ್ಟಲಿಗೆ ನೀರಿನೊಂದಿಗೆ ಹಾಕಿದೆ. ಒಂದಕ್ಕೆ ಪುಡಿ, ಇನ್ನೊಂದಕ್ಕೆ, ಸಂಶಯ ಪರಿಹಾರಕ್ಕೆ, ಕುದಿಸಿ ಕೆಡಿಸಿದ ಪುಡಿ. ಎರಡನ್ನೂ ಚಪಾತಿಯ ಬಿಸಿ ಡಬ್ಬಿಯಲ್ಲಿಟ್ಟೆ. ಎಡಗಡೆಯದು ನಿಜವಾದದ್ದು. ಬರೆದಿಡಲಿಲ್ಲ. ಇಷ್ಟೂ ನೆನಪಿರದೇ?

ಮರುದಿನ ಬಟ್ಟಲುಗಳು ಅಡುಗೆ ಕಟ್ಟೆಯ ಮೇಲಿದ್ದವು.

“ಎಡಗಡೆ ಯಾವುದಿತ್ತು?”

“ನನಗೇನ್ ಗೊತ್ರಿ? ಚಪಾತಿ ಎಲ್ಲೆ ಇಡಬೇಕ್ರಿ ಮತ್ತ?”

ನಿಜ ಹೇಳಲೇ? ಡಬ್ಬಿಗೆ ಎಡ ಎಂಬುದಿಲ್ಲ, ಅದು ದುಂಡಗಿದೆ. ಕತೆ ಮುಗಿಯಿತು ಎಂದುಕೊಂಡು ಪೇಪರ್ ಹಿಡಿದು ಕೂತೆ.

“ಇಲ್ಲೆ ಬರ್ರಿ! ಒಂದಕ್ಕ ಅಷ್ಟ ಇರುವಿ ಹತ್ಯಾವ!”

ಓಡಿದೆ. ಗೋಡೆಯಿಂದ ಇಳಿದ ಸಾಲು ಒಂದು ಬಟ್ಟಲನ್ನು ಸುತ್ತಿ, ಅಂಟಿಕೊಂಡೇ ಇದ್ದ ಇನ್ನೊಂದನ್ನು ತಿರುಗಿಯೂ ನೋಡದೆ, ಎರಡನೆಯ ಸುತ್ತಿಗೆ ಸಜ್ಜಾಗಿತ್ತು. ನನ್ನ ನೆನಪು ಅವಕ್ಕೆ ಬೇಕಾಗಿಯೇ ಇರಲಿಲ್ಲ. ಕಾವ್ಯಾ ಬಂದು ನಕ್ಕಳು: “ಯಾವುದು ಯಾವುದು ಅಂತ ಗೊತ್ತಿಲ್ದೇ ಇರೋದೇ ಒಳ್ಳೇದು ಅಂಕಲ್. ನಾವು ಲೇಬಲ್ ಬೇಕಂತಲೇ ಮುಚ್ಚಿಡ್ತೀವಿ.”

ಇದರಿಂದ ಸಿಪ್ಪೆ ಸಕ್ಕರೆಯಾಗುತ್ತದೆ ಎಂದಾಯಿತೇ ಹೊರತು, ಅಂದು ಅದನ್ನು ಮಾಡಿದ್ದು ನಾನೇ ಎಂದಲ್ಲ. ಈ ಒಂದು ಸಂಶಯವನ್ನು ಮಾತ್ರ ನಾನು ಯಾರ ಮುಂದೆಯೂ ಎತ್ತಿಲ್ಲ.

ಮೊನ್ನೆ ಅತಿಥಿಗಳಿಗೆ ಹೊಸ ಕತೆ ಹೇಳುತ್ತ ಕೆಂಪಿರುವೆಗಳವರೆಗೆ ಬಂದಿದ್ದೆ. ಸುಮಿತ್ರಾ ಸಾರು ಬಡಿಸುತ್ತ, “ಕರಿ ಇರುವಿ ಇದ್ವಲ್ರಿ?” ಎಂದಳು. ಕತೆ ಬಂದ್ ಆಗಿಲ್ಲ ಎನ್ನುವುದಕ್ಕೆ ಬೇರೆ ಪುರಾವೆ ಬೇಕೆ?